ಇಳಿಯದ ಗೆರೆ

ತೋಲ್ಪೆಟ್ಟಿಯ ಕಾಡಂಚಿನ ಹಾಡಿಯ ಜಾನು, ಬೇಸಿಗೆ ಬಂತೆಂದರೆ ಅರಣ್ಯ ಇಲಾಖೆಯ ಬೆಂಕಿ ಕಾವಲಿಗೆ ಹೋಗುವವಳು. ಬೆಳಿಗ್ಗೆ ಅಟ್ಟಣೆ ಹತ್ತಿ ಕೂತರೆ ಸಂಜೆಯವರೆಗೂ ಅವಳ ಕಣ್ಣು ಬೆಟ್ಟದ ಸಾಲಿನ ಮೇಲೆ. ಮಾತು ಕಡಿಮೆ. ಆದರೆ ಒಮ್ಮೆ ಪಟ್ಟು ಹಿಡಿದಳೆಂದರೆ ಬಿಡಿಸುವುದು ಯಾರಿಗೂ ಸಾಧ್ಯವಿರಲಿಲ್ಲ.

ಆ ಫೆಬ್ರವರಿಯಲ್ಲಿ ಅವಳ ಗಂಡ ಕುಳ್ಳನ್ ಮುಳ್ಳನ್‌ಕೊಲ್ಲಿಯ ತೋಟವೊಂದರಲ್ಲಿ ಕರಿಮೆಣಸು ಕೊಯ್ಯುತ್ತಿದ್ದ. ಒಂಟಿ ಬಿದಿರಿನ ಏಣಿ ಜಾರಿತು. ಎರಡಾಳೆತ್ತರದಿಂದ ಬಿದ್ದವನ ತಲೆ ಕಲ್ಲಿಗೆ ಬಡಿಯಿತು. ಆದರೂ ಎದ್ದು ಕೂತ, ಮಣ್ಣು ಕೊಡವಿಕೊಂಡ, ಹಾಲಿಲ್ಲದ ಕಟ್ಟನ್‌ಚಾಯ ಕುಡಿದ. "ಏನೂ ಆಗಿಲ್ಲ, ಸುಮ್ನಿರಿ" ಎಂದು ನಕ್ಕ. ಒಂದು ಗಂಟೆ ಕಳೆಯುವಷ್ಟರಲ್ಲಿ ವಾಂತಿ ಶುರುವಾಯಿತು, ಮಾತು ತೊದಲಿತು. ಜತೆಯವರು ಜೀಪಿನಲ್ಲಿ ಹಾಕಿಕೊಂಡು ಮಾನಂತವಾಡಿ ಕಡೆಯ ಒಂದು ಆಸ್ಪತ್ರೆಗೆ ತಂದರು. ಸುದ್ದಿ ಮುಟ್ಟಿದಾಗ ಜಾನು ಅಟ್ಟಣೆಯಿಂದ ನೇರ ಅಲ್ಲಿಗೇ ಬಂದಳು.

ಸ್ಕ್ಯಾನ್‌ನಲ್ಲಿ ಮಿದುಳಿಗೆ ಪೆಟ್ಟಾಗಿದ್ದು ಕಂಡಿತು. ಆ ಹೊತ್ತಿಗೆ ಶಸ್ತ್ರಚಿಕಿತ್ಸೆ ಬೇಕಿರಲಿಲ್ಲ. ಆದರೆ ಎರಡು ಮೂರು ದಿನದೊಳಗೆ ಮಿದುಳು ಊದಿಕೊಳ್ಳಬಹುದು, ಹಾಗಾದರೆ ಘಾಟಿ ಇಳಿಸಿ ಕೋಝಿಕ್ಕೋಡಿಗೆ ಕಳಿಸಬೇಕು ಎಂದರು ಡಾಕ್ಟರ್ ಸುಮೇಶ್. ನಿದ್ದೆಯ ಔಷಧಿಯಲ್ಲಿ ಮಲಗಿದವನು ತಲೆನೋವೆಂದು ಹೇಳಲಾರ. ಗಂಟೆಗೊಮ್ಮೆ ಸ್ಕ್ಯಾನ್ ಮಾಡುವುದೂ ಆಗದ ಮಾತು. ಅದಕ್ಕೆ ಅವರ ಬಳಿ ಒಂದು ಹೊಸ ಯಂತ್ರವಿತ್ತು, ಇನ್ನೂ ಪರೀಕ್ಷೆಯ ಹಂತದಲ್ಲಿದ್ದದ್ದು.

ನರ್ಸ್ ಗ್ರೀಷ್ಮ ಪುಲ್ಪಳ್ಳಿ ಕಡೆಯ ಕನ್ನಡದವರ ಮನೆಯ ಹುಡುಗಿ. ಜಾನುವಿಗೆ ಮಲಯಾಳ ಬಾರದೆಂದಲ್ಲ. ಆದರೂ ಗ್ರೀಷ್ಮ ಪಕ್ಕದಲ್ಲಿ ಕೂತು ಅವಳ ಮನೆಮಾತಾದ ಕನ್ನಡದಲ್ಲೇ ಬಿಡಿಸಿ ಹೇಳಿದಳು. "ತಲೆ ಸುತ್ತ ಈ ಬಳೆ ಇಡ್ತೀವಿ ಜಾನಕ್ಕ. ಇದರಿಂದ ಅಯಸ್ಕಾಂತದ ಸಣ್ಣ ಅಲೆ ತಲೆಯೊಳಗೆ ಹೋಗಿ ಬರ್ತದೆ. ಒಳಗೆ ನೀರು ತುಂಬಿ ಊದಿದ್ರೆ ಆ ಅಲೆ ಬದಲಾಗ್ತದೆ, ಈ ಪರದೆ ಮೇಲೆ ಗೆರೆ ಏರ್ತದೆ. ಸೂಜಿ ಇಲ್ಲ, ಕೊರೆಯೋದಿಲ್ಲ. ಆದ್ರೆ ಇದೊಂದನ್ನೇ ನಂಬಿ ಡಾಕ್ಟರು ಏನೂ ಮಾಡೋದಿಲ್ಲ. ಬೇಡ ಅಂದ್ರೂ ಚಿಕಿತ್ಸೆ ನಿಲ್ಲೋದಿಲ್ಲ."

ಜಾನು ಆ ಬಳೆಯನ್ನು ತಿರುಗಿಸಿ ನೋಡಿದಳು. "ಮೊದ್ಲು ನನ್ನ ತಲೆಗೆ ಹಾಕು ಮೋಳೇ" ಎಂದಳು, ಮಗಳನ್ನು ಕರೆಯುವ ಹಾಗೆ.

ಹಾಕಿದರು. ಐದು ನಿಮಿಷ ಅಲುಗಾಡದೆ ಕೂತಳು. ಏನೂ ಆಗಲಿಲ್ಲ. ಆಮೇಲೆ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಬೇಡವೆಂದು ಪೆನ್ನು ಕೇಳಿ ಪಡೆದು, ನಿಧಾನವಾಗಿ ಹೆಸರು ಬರೆದಳು.

ಯಂತ್ರಕ್ಕೆ ಲೋಹ ಆಗದು. ಇಪ್ಪತ್ತು ವರ್ಷದಿಂದ ಬಿಚ್ಚದ ಮೂಗುತಿಯನ್ನು ಸೋಪು ಹಚ್ಚಿ ತೆಗೆದಳು, ಮೂಗು ಕೆಂಪಾಯಿತು. ಪಕ್ಕದ ಹಾಸಿಗೆಯವರು ಸ್ಟೀಲಿನ ಕ್ಯಾರಿಯರ್ ಹತ್ತಿರ ತಂದಾಗೆಲ್ಲ ಗೆರೆ ಥಟ್ಟನೆ ಜಿಗಿಯುತ್ತಿತ್ತು, ದೂರ ಒಯ್ದರೆ ಕೂಡಲೇ ಇಳಿಯುತ್ತಿತ್ತು. ಮೊದಲ ದಿನ ಹಾಗೆ ಮೂರು ಸಲ ಆಯಿತು. ಆಮೇಲೆ ಜಾನು ಮಂಚದ ಬಳಿ ಕೀಲಿಕೈಯನ್ನೂ ಬಿಡಲಿಲ್ಲ. ಎಕ್ಸ್‌ರೇ ಕವರಿನ ಬೆನ್ನಿಗೆ ಗಂಟೆಗೊಂದು ಚುಕ್ಕಿ ಇಡತೊಡಗಿದಳು. ಗೆರೆ ಎಲ್ಲಿದೆಯೋ ಅಲ್ಲಿ ಚುಕ್ಕಿ.

ಎರಡನೆಯ ದಿನ ಬೆಳಿಗ್ಗೆ ಏಳಕ್ಕೆ ಇಟ್ಟ ಚುಕ್ಕಿಗಿಂತ ಎಂಟರದು ಮೇಲಿತ್ತು, ಒಂಬತ್ತರದು ಅದಕ್ಕಿಂತ ಮೇಲೆ. ಹತ್ತಕ್ಕೆ ಡಾಕ್ಟರು ಬಂದರು. ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು, ರಕ್ತದೊತ್ತಡ ನೋಡಿದರು. ಎಲ್ಲ ಸರಿಯಿತ್ತು.

"ಮತ್ತೆ ಎಲ್ಲೋ ಲೋಹ ಇರಬೇಕು ಚೇಚಿ. ನಿನ್ನೆಯ ಹಾಗೆ."

"ಇಲ್ಲ ಸಾರೇ."

"ಯಂತ್ರ ಹೊಸದು. ಸುಳ್ಳೂ ಹೇಳುತ್ತೆ."

ಜಾನು ಕವರನ್ನು ಅವರ ಮುಂದೆ ಹಿಡಿದಳು. ಸಿಟ್ಟು ಬಂದಾಗ ಅವಳ ಬಾಯಿಗೆ ಬರುತ್ತಿದ್ದದ್ದು ಕನ್ನಡವೇ. "ಮಂಚದ ಕೆಳಗೆ ನೋಡಿ, ನನ್ನ ಸೆರಗು ಕೊಡವಿ ನೋಡಿ. ಲೋಹ ಬಂದ್ರೆ ಇದು ಹಾರಿ ಬೀಳ್ತದೆ. ಇವತ್ತು ಹಾರಿಲ್ಲ ಸಾರೇ, ಹತ್ತಿದೆ. ಹತ್ತಿದ್ದು ಇಳ್ದಿಲ್ಲ. ಬೆಟ್ಟದಲ್ಲಿ ಮಂಜೂ ಏಳ್ತದೆ, ಹೊಗೆಯೂ ಏಳ್ತದೆ. ಮಂಜು ಬಿಸಿಲಿಗೆ ಕರಗ್ತದೆ. ಕರಗ್ದೆ ನಿಂತ್ರೆ ಅದು ಹೊಗೆ. ನಾವು ಬೆಂಕಿ ಕಾಣೋವರೆಗೂ ಕಾಯೋದಿಲ್ಲ. ಸ್ಕ್ಯಾನ್ ಮಾಡ್ಸಿ. ಏನೂ ಇಲ್ದಿದ್ರೆ ನಾನು ಬಾಯಿ ಮುಚ್ಕೊಂಡು ಕೂರ್ತೀನಿ."

ಗ್ರೀಷ್ಮ ಅಷ್ಟನ್ನೂ ಮಲಯಾಳದಲ್ಲಿ ಹೇಳಿದಳು, ಒಂದು ಮಾತೂ ಬಿಡದೆ. ಡಾಕ್ಟರು ಚುಕ್ಕಿಗಳನ್ನು ನೋಡಿದರು, ಪರದೆಯನ್ನು ನೋಡಿದರು. ಆಮೇಲೆ ಕವರನ್ನು ಕೈಯಲ್ಲೇ ಹಿಡಿದು, "ಸ್ಕ್ಯಾನಿಗೆ ತಗೊಂಡು ಹೋಗಿ" ಎಂದರು.

ಊತ ನಿಜವಾಗಿತ್ತು. ಮಿದುಳು ಒಂದು ಪಕ್ಕಕ್ಕೆ ಸರಿಯತೊಡಗಿತ್ತು. ಹನ್ನೊಂದೂವರೆಗೆ ಆಂಬುಲೆನ್ಸ್ ಹೊರಟಿತು. ಘಾಟಿಯ ತಿರುವುಗಳಲ್ಲಿ ಜಾನು ಗಂಡನ ಕಾಲನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದಳು. ಅದೇ ಸಂಜೆ ಕೋಝಿಕ್ಕೋಡಿನಲ್ಲಿ ತಲೆಬುರುಡೆಯ ಒಂದು ತುಂಡನ್ನು ತೆಗೆದು ಮಿದುಳಿಗೆ ಜಾಗ ಮಾಡಿಕೊಟ್ಟರು. ಇನ್ನೂ ಕೆಲವು ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿಯ ಸರ್ಜನ್ ಹೇಳಿದಾಗ ಜಾನು ಗೋಡೆಗೆ ಒರಗಿ ಕೂತು ಮೊದಲ ಬಾರಿ ಅತ್ತಳು. ಮರುದಿನ ಡಾಕ್ಟರ್ ಸುಮೇಶ್ ಫೋನ್ ಮಾಡಿದರು. "ನನ್ನ ಕಣ್ಣಿಗೆ ಕಾಣಲಿಲ್ಲ ಚೇಚಿ" ಎಂದರು. ಅವಳು, "ನೀವು ಮಾತು ಕೇಳಿದ್ರಿ ಸಾರೇ, ಸಾಕು" ಎಂದಳು.

ಕುಳ್ಳನ್ ಏಳು ವಾರದ ಮೇಲೆ ಹಾಡಿಗೆ ಮರಳಿದ. ಬಲಗೈ ನಿಧಾನ. ಒಂದು ಹೇಳಲು ಹೋದರೆ ಇನ್ನೊಂದು ಬಾಯಿಗೆ ಬರುತ್ತಿತ್ತು. ಜನ ಕನಿಕರದಿಂದ ಅವನ ಮಾತನ್ನು ತಾವೇ ಪೂರೈಸಲು ಹೋದರೆ ಜಾನು ತಡೆಯುತ್ತಿದ್ದಳು. "ಅವ್ರೇ ಹೇಳ್ಲಿ."

ಮಳೆ ಹಿಡಿಯುವ ಮುಂಚೆ ಒಂದು ಬೆಳಿಗ್ಗೆ ಉಪ್ಪು ತರಲು ಅವನನ್ನು ಒಬ್ಬನನ್ನೇ ಅಂಗಡಿಗೆ ಕಳಿಸಿದಳು. ಅರ್ಧ ಗಂಟೆಯ ಮೇಲೆ ಬೆಂಕಿಪೊಟ್ಟಣ ಹಿಡಿದು ಬಂದ. ಅವಳ ಮುಖ ನೋಡಿದ, ತನ್ನ ಕೈ ನೋಡಿದ.

"ಇದಲ್ಲ" ಎಂದ ತಾನೇ.

"ಅಲ್ಲ" ಎಂದಳು ಜಾನು. "ಏನು ತರ್ಬೇಕಿತ್ತು?"

ಅವನು ಹುಬ್ಬು ಗಂಟಿಕ್ಕಿ ಬಹಳ ಹೊತ್ತು ನಿಂತ. ಅವಳು ಹೇಳಿಕೊಡಲಿಲ್ಲ. ಒಲೆಯ ಮೇಲೆ ಅನ್ನ ಉಕ್ಕಿದರೂ ಕದಲಲಿಲ್ಲ.

"ಉಪ್ಪು" ಎಂದ ಕೊನೆಗೆ. ಬೆಂಕಿಪೊಟ್ಟಣವನ್ನು ಜಗಲಿಯ ಮೇಲಿಟ್ಟು, ಮತ್ತೆ ಅಂಗಡಿಯ ದಾರಿ ಹಿಡಿದ.