ಅಕ್ಕನ ಪಿಕಪ್ಪಿನ ಎಡಬಾಗಿಲು

ಬಾಗಿಲು ಅವತ್ತೂ ಕೂರಲಿಲ್ಲ. ಮೇಲ್ಗಡೆ ಹೆಬ್ಬೆರಳು ತೂರುವಷ್ಟು ಸಂದು. ಕೆಳಗಡೆ ತಗಡಿಗೆ ತಗಡು ಉಜ್ಜಿ ಹೊಸ ಬಣ್ಣ ಹಪ್ಪಳದಂತೆ ಎದ್ದು ಬರುತ್ತಿತ್ತು. ಕೈಯಲ್ಲಿದ್ದ ಸ್ಪ್ಯಾನರನ್ನು ಗೋಡೆಗೆ ಬೀಸಿ ಎಸೆದೆ. ಕೊಟ್ಟಿಗೆಯ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅಕ್ಕ ಬೆಚ್ಚಿದಳು.

"ಯಾಕೋ ಕೋಪ ಮಾಡ್ಕೊಂತೀಯಾ? ಗಾಡಿ ಏನ್ ಮಾಡ್ತು ನಿಂಗೆ?" ಎಂದಳು.

ನನಗೆ ಜೀವ ಬಂದಂತಾಯಿತು. ಅವಳು ಹೀಗೆ ಗದರಿದರೆ ಇವತ್ತು ನಾನು ಯಾರೆಂದು ಅವಳಿಗೆ ಗೊತ್ತಿದೆ ಎಂದರ್ಥ. ಗೊತ್ತಿಲ್ಲದ ದಿನ ನಾನು ಅವಳಿಗೆ ಬರೀ 'ಸಾರ್'. ಬಾಡಿಗೆ ಮನೆ ನೋಡಲು ಬಂದವರನ್ನು ಮಾತಾಡಿಸಿದಂತೆ ಮಾತಾಡಿಸಿ, ಕಾಫಿ ಕುಡಿದು ಹೋಗಿ ಎನ್ನುತ್ತಾಳೆ.

ಉತ್ತರಹಳ್ಳಿಯಲ್ಲಿ ನಮ್ಮದು ಹಾಲು ಮಾರುತ್ತಿದ್ದ ಮನೆ. ಈಗ ಸುತ್ತ ನಾವೇ ಕಟ್ಟಿಸಿದ ಬಾಡಿಗೆ ಮನೆಗಳಿವೆ. ಹಸು ಕಟ್ಟುತ್ತಿದ್ದ ಜಾಗದಲ್ಲಿ ಜನರನ್ನು ಕಟ್ಟಿದ್ದೀರಿ ಎಂದು ನನ್ನ ಹೆಂಡತಿ ಹಂಗಿಸುತ್ತಾಳೆ. ಹಳೆಯದೆಂದು ಉಳಿದದ್ದು ಹಿತ್ತಲಿನ ಕೊಟ್ಟಿಗೆ, ಅದರೊಳಗೆ ಅಕ್ಕನ ಪಿಕಪ್ಪು. ಅಪ್ಪ ಕಾಲು ಮುರಿದುಕೊಂಡು ಮಲಗಿದಾಗ ಅದರ ಸ್ಟೀರಿಂಗ್ ಹಿಡಿದವಳು ಅವಳು. ಕ್ಯಾನುಗಳನ್ನು ತುಂಬಿಕೊಂಡು ಬನಶಂಕರಿ, ಜಯನಗರದ ಮನೆಮನೆಗೆ ಹೋಗುತ್ತಿದ್ದಳು. ಹೆಣ್ಣು ಹುಡುಗಿ ಲಾರಿಯವರ ಥರ ಗಾಡಿ ಓಡಿಸುತ್ತಾಳೆಂದು ಮೂಗು ಮುರಿದವರೇ ಆಮೇಲೆ ಪಾತ್ರೆ ಹಿಡಿದುಕೊಂಡು ಗೇಟಿನಲ್ಲಿ ಕಾದರು.

ಅಮ್ಮ ಇರಲಿಲ್ಲ. ಸಣ್ಣವನಾದ ನನ್ನನ್ನು ಮನೆಯಲ್ಲಿ ಬಿಡಲಾರದೆ ಅಕ್ಕ ಜೊತೆಗೇ ಕರೆದೊಯ್ಯುತ್ತಿದ್ದಳು. ಎಡಗಡೆಯ ಸೀಟಿನಲ್ಲಿ ಅವಳ ಶಾಲು ಹೊದ್ದು ನಾನು ಗೊರಕೆ ಹೊಡೆಯುತ್ತಿದ್ದೆ. ಹಾಲಿನ ಅಳತೆ ಪಾತ್ರೆ ನನ್ನ ಕಾಲಡಿ ಇರುತ್ತಿತ್ತು. ಪ್ರತಿ ಮನೆಯೆದುರೂ ಅವಳು ಈಚೆ ಸುತ್ತಿ ಬಂದು, ಎಡಬಾಗಿಲು ತೆಗೆದು ಅದನ್ನು ಎತ್ತಿಕೊಳ್ಳುತ್ತಿದ್ದಳು. ಆ ಬಾಗಿಲನ್ನು ಅವಳು ಎಂದೂ ಬಡಿದವಳಲ್ಲ. ಸೊಂಟದಿಂದ ಒತ್ತಿ, ಸದ್ದಿಲ್ಲದೆ ಹಾಕುತ್ತಿದ್ದಳು. ನಾನು ದೊಡ್ಡವನಾಗಿ, ಆ ಸೀಟಿನಲ್ಲಿ ಕೂರುವುದನ್ನು ಬಿಟ್ಟ ಮೇಲೂ ಹಾಗೆಯೇ ಹಾಕುತ್ತಿದ್ದಳು. ಕೀಲು ಸವೆಯದಿರಲಿ ಎಂದಿರಬೇಕು ಅಂದುಕೊಂಡಿದ್ದೆ.

ಹಸುಗಳೆಲ್ಲ ಹೋದ ಮೇಲೆ ಗಾಡಿಗೆ ತುಕ್ಕು ಹಿಡಿಯಿತು. ಅದನ್ನು ಪೂರ್ತಿ ಬಿಚ್ಚಿ, ಬಣ್ಣ ಹೊಡೆಸಿ, ಮತ್ತೆ ಜೋಡಿಸುತ್ತೇನೆಂದು ಅಕ್ಕ ಹಟ ಹಿಡಿದಳು. ಬಿಚ್ಚಿದ್ದೂ ಅವಳೇ. ಬಾಗಿಲು, ಮಡ್‌ಗಾರ್ಡು, ಬಾನೆಟ್ಟು ಒಂದೊಂದರ ಹಿಂದೆಯೂ ಸಂದು ಸರಿಮಾಡಲು ಹಾಕಿದ ತೆಳು ತಗಡಿನ ಬಿಲ್ಲೆಗಳಿರುತ್ತವೆ. ಯಾವ ಬಿಲ್ಲೆ ಯಾವ ಬೋಲ್ಟಿನದೋ ಆ ಬೋಲ್ಟಿನ ಜೊತೆಗೇ ಹಳೆ ಸೀರೆಯ ಚೂರಿನಲ್ಲಿ ಗಂಟು ಕಟ್ಟಿ, ಆ ಗಂಟನ್ನು ಬೋಲ್ಟು ಕೂರುವ ತೂತಿಗೇ ನೇತುಹಾಕಿದಳು. ಬಾಗಿಲುಗಳು ಗೋಡೆಗೊರಗಿ ನಿಂತಿದ್ದಾಗಲೇ ಆಯುಧಪೂಜೆ ಬಂತು. ಬಿಡಿ ಬಾಗಿಲುಗಳಿಗೂ ಕುಂಕುಮ ಹಚ್ಚಿ ಹೂ ಮುಡಿಸಿದಳು.

ಆಮೇಲೆ ಮರೆವು ಶುರುವಾಯಿತು. ಸಾರಿಗೆ ಎರಡೆರಡು ಸಲ ಉಪ್ಪು ಬಿದ್ದಾಗ ನಕ್ಕೆವು. ಜಯನಗರದ ಗಲ್ಲಿಗಲ್ಲಿಯನ್ನೂ ಬಲ್ಲವಳು ಬನಶಂಕರಿ ಬಸ್‌ಸ್ಟ್ಯಾಂಡಿನಲ್ಲಿ ಮನೆಗೆ ಯಾವ ಬಸ್ಸು ಎಂದು ಅಳುತ್ತ ನಿಂತಾಗ ನಗು ನಿಂತಿತು. "ಹೋಗಿದ್ದು ವಾಪಸ್ ಬರಲ್ಲ. ಇರೋದು ಇರೋವರ್ಗೂ ಗೊತ್ತಿರೋ ಕೆಲ್ಸ ಮಾಡಿಸ್ತಾ ಇರಿ" ಎಂದರು ಡಾಕ್ಟರು.

ಅವತ್ತಿನಿಂದ ನನ್ನ ತಲೆಯಲ್ಲಿ ಉಳಿದದ್ದು ಒಂದೇ. ಈ ಗಾಡಿ ತನ್ನದೆಂಬುದನ್ನು ಅವಳು ಮರೆಯುವುದರೊಳಗೆ ಅದನ್ನು ಜೋಡಿಸಬೇಕು. ಸ್ಟೀರಿಂಗಿನ ಮುಂದೆ ಅವಳನ್ನು ಕೂರಿಸಬೇಕು. ಆಮೇಲೆ ಗಾಡಿ ಮಣ್ಣಾಗಿ ಹೋಗಲಿ, ನನಗೇನು.

ಮೊದಲು ಬಾಗಿಲು ಕೂರಬೇಕು. ಬಾಗಿಲನ್ನು ನೋಡಿಕೊಂಡು ಮಡ್‌ಗಾರ್ಡು, ಮಡ್‌ಗಾರ್ಡನ್ನು ನೋಡಿಕೊಂಡು ಬಾನೆಟ್ಟು. ಬಾಗಿಲೇ ಕೂರದಿದ್ದರೆ ಮುಂದಿನದೆಲ್ಲ ಸೊಟ್ಟ. ಬಲಗಡೆಯದು ಹೇಗೋ ಒದ್ದಾಡಿ ಕೂತಿತು. ಎಡಗಡೆಯದು ಹಟಮಾರಿ. ಮದುವೆಯ ಕರೆಯೋಲೆಯೊಂದನ್ನು ಮಡಿಸಿ ಸಂದಿನಲ್ಲಿ ಎಳೆದು ನಾನು ಅಳತೆ ನೋಡುತ್ತಿದ್ದೆ. ಅಕ್ಕನಿಗೆ ಅದೂ ಬೇಡ. ಕಿರುಬೆರಳಿನ ಉಗುರನ್ನು ಸಂದಿನುದ್ದಕ್ಕೂ ಓಡಿಸಿ, "ಇಲ್ ಹಿಡೀತಾ ಐತೆ" ಎಂದು ನಿಲ್ಲಿಸುತ್ತಿದ್ದಳು. ಹೆಸರುಗಳು ಹೋದರೂ ಬೆರಳಿಗೆ ಎಲ್ಲ ಗೊತ್ತಿತ್ತು. ಆ ಬೆರಳನ್ನು ನಂಬಿ ದಿನ ದೂಡುತ್ತಿದ್ದೆ. ಒಂದು ಬೆಳಿಗ್ಗೆ ಅವಳು ಗೋಡೆಗೊರಗಿದ್ದ ಮಡ್‌ಗಾರ್ಡನ್ನು ಸವರಿ, "ಇದ್ಯಾರ್ ತಂದ್ ಇಟ್ಟೋರು ಇಲ್ಲಿ?" ಎಂದಳು.

ಹೆದರಿದವನಿಗೆ ಬುದ್ಧಿ ಎಲ್ಲಿರುತ್ತದೆ? ಗಂಟು ಕಟ್ಟುವ ಹೊತ್ತಿಗೇ ಅವಳ ತಲೆ ಕೆಟ್ಟಿತ್ತು, ಬಿಲ್ಲೆಗಳೆಲ್ಲ ಅದಲುಬದಲಾಗಿವೆ ಎಂದು ತೀರ್ಮಾನಿಸಿದೆ. ಎಡಬಾಗಿಲಿನವನ್ನೆಲ್ಲ ಕಿತ್ತು ಡಬ್ಬಿಗೆ ಸುರಿದು ನನ್ನ ಲೆಕ್ಕದ ಬಿಲ್ಲೆ ಹಾಕಿದೆ. ಮೇಲಿನ ಸಂದು ಮುಚ್ಚಿದರೆ ಕೆಳಗೆ ಉಜ್ಜುತ್ತಿತ್ತು; ಕೆಳಗೆ ಬಿಡಿಸಿದರೆ ಚಿಲಕ ಸಿಗುತ್ತಿರಲಿಲ್ಲ. ಮೊಣಕಾಲಿನಿಂದ ಒದ್ದು ಬಗ್ಗಿಸಲು ನೋಡಿದೆ. ಬನಶಂಕರಿ ಗುಡಿಗೆ ಹೋಗಿ ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚಿ ಬಂದೆ. ತಗಡಿನ ಬಾಗಿಲಿಗೆ ದೇವಿಯ ಹತ್ತಿರ ಹರಕೆ ಹೊತ್ತವನು ನಾನೊಬ್ಬನೇ ಇರಬೇಕು.

"ಆ ಬಾಗ್ಲಿಗೆ ಮಾಡೋ ಸೇವೇನ ನನ್ ಮಂಡಿಗೆ ಮಾಡಿದ್ರೆ ಇಷ್ಟೊತ್ತಿಗೆ ಓಡ್ತಿದ್ದೆ" ಎಂದಳು ಹೆಂಡತಿ. ನನಗೆ ನಗು ಬರಲಿಲ್ಲ. ನನ್ನ ಮುಖ ನೋಡಿ ಅವಳು ತಿಂಡಿ ತಟ್ಟೆಯನ್ನು ಕೊಟ್ಟಿಗೆಗೇ ತಂದಿಟ್ಟಳು. ನಾನು ಗಾಡಿಯ ಹಿಂದೆ ಹೋಗಿ ಕೂತು ಅತ್ತೆ. ಮದುವೆಗೆ ಬಂದ ಮಗಳಿರುವ ಗಂಡಸು, ಒಂದು ಬಾಗಿಲಿಗಾಗಿ ಅತ್ತೆ.

ಆಮೇಲೊಂದು ಬೆಳಿಗ್ಗೆ ನಾನು ಕೊಟ್ಟಿಗೆಗೆ ಹೋಗುವ ಹೊತ್ತಿಗೆ ಅಕ್ಕ ಸೀರೆ ಎತ್ತಿ ಕಟ್ಟಿ ನಿಂತಿದ್ದಳು. ಒಂದು ಕೈಯಲ್ಲಿ ಕಡ್ಡಿಪೊರಕೆ, ಇನ್ನೊಂದರಲ್ಲಿ ತುಂಬಿದ ಬಕೆಟ್ಟು.

"ಅಕ್ಕಾ, ಏನ್ ಮಾಡ್ತಿದ್ದೀಯಾ!"

"ಗಂಜಲ ನಿಂತೈತೆ ಸಾರ್. ಹಸ ಜಾರ್ ಬಿದ್ರೆ ಯಾರ್ ಎತ್ತೋರು?" ಎಂದವಳೇ ಬಕೆಟ್ಟನ್ನು ನೆಲಕ್ಕೆ ಸುರಿದಳು.

ಹಸುಗಳಿಲ್ಲ, ಗಂಜಲವಿಲ್ಲ. ಹೊಸ ಬಣ್ಣದ ಮೇಲೆಲ್ಲ ನೀರು ಸಿಡಿಯಿತು. ನಾನು ಕೂಗಲು ಬಾಯಿ ತೆರೆದೆ. ಅಷ್ಟರಲ್ಲಿ ನೀರು ಗಾಡಿಯ ಕೆಳಗೆ ನುಗ್ಗಿತು. ಅಲ್ಲಿಂದ ವಾರೆಯಾಗಿ ಹರಿದು ಹಿಂದಿನ ಬಲಮೂಲೆಗೆ ಹೋಗಿ, ಗಾಡಿಯನ್ನು ಹೊತ್ತಿದ್ದ ಅಲ್ಲಿನ ಸ್ಟ್ಯಾಂಡಿನ ಸುತ್ತ ಮಡುಗಟ್ಟಿತು. ತೆರೆದ ಬಾಯಿ ಹಾಗೆಯೇ ಇತ್ತು.

ಅದು ಗಂಜಲದ ಗುಂಡಿಯ ಮೂಲೆ. ಕೊಟ್ಟಿಗೆ ಕಟ್ಟಿಸುವಾಗ ಅಪ್ಪ ಆ ಒಂದು ಮೂಲೆಯನ್ನೇ ತಗ್ಗಿಸಿ, ನೀರೆಲ್ಲ ಅಲ್ಲಿಗೆ ಇಳಿಯುವಂತೆ ಮಾಡಿಸಿದ್ದ. ಗುಂಡಿ ಮುಚ್ಚಿಸಿದ್ದೆವು, ನೆಲ ಹಾಗೇ ಇತ್ತು. ಆ ನೆಲದ ಮೇಲೆ ನಾನು ಒಂದೇ ಎತ್ತರದ ನಾಲ್ಕು ಕಬ್ಬಿಣದ ಸ್ಟ್ಯಾಂಡು ಇಟ್ಟು ಚಾಸಿಯನ್ನು, ಅಂದರೆ ಗಾಡಿಯ ಅಡಿಚೌಕಟ್ಟನ್ನು, ಕೂರಿಸಿದ್ದೆ. ಒಂದು ಮೂಲೆ ಜೋತುಬಿದ್ದು ಇಡೀ ಚಾಸಿ ತಿರುಚಿಕೊಂಡಿತ್ತು. ಅದರ ಮೇಲೆ ಬಿಗಿದ ಕ್ಯಾಬಿನ್ನು ನೆಟ್ಟಗಿರುವುದು ಹೇಗೆ? ಮನೆಗಳ ಮೇಲೆ ಮನೆ ಕಟ್ಟಿಸಿದವನು ನಾನು, ಮಟ್ಟ ನೋಡ್ರೋ ಎಂದು ಮೇಸ್ತ್ರಿಗಳ ಪ್ರಾಣ ತಿಂದವನು. ಹುಟ್ಟಿದಾಗಿನಿಂದ ತುಳಿದ ನೆಲದ ಮಟ್ಟ ನೋಡಬೇಕೆಂದು ಹೊಳೆದಿರಲಿಲ್ಲ.

ಮೇಸ್ತ್ರಿಗಳು ಬಿಟ್ಟುಹೋಗಿದ್ದ ಪಾರದರ್ಶಕ ಪೈಪು ಹುಡುಕಿ, ನೀರು ತುಂಬಿ, ನಾಲ್ಕು ಮೂಲೆಗೂ ಮಟ್ಟ ಹಿಡಿದೆ. ಕ್ಯಾಬಿನ್ನಿನ ಬೋಲ್ಟುಗಳನ್ನೆಲ್ಲ ಸಡಿಲಿಸಿದೆ. ಜಾಕ್ ಕೊಟ್ಟು ಎತ್ತಿ, ತಗ್ಗಿನ ಮೂಲೆಗೆ ಕಲ್ಲು ಚಪ್ಪಡಿಯ ಚೂರು ಸೇರಿಸಿದೆ. ಚಾಸಿ ಒಮ್ಮೆ ನರಳಿ ನೇರವಾಯಿತು. ಬೋಲ್ಟು ಬಿಗಿದು ಬಾಗಿಲು ಏರಿಸಿದೆ. ನನ್ನ ಬಿಲ್ಲೆಗಳು ಈಗ ಒಂದೂ ಹೊಂದಲಿಲ್ಲ. ಡಬ್ಬಿ ನೆಲಕ್ಕೆ ಸುರಿದು, ಅಕ್ಕನ ಬಿಲ್ಲೆಗಳನ್ನು ಅವಳ ಮುಂದೆ ಹರಡಿದೆ. ಬಾಗಿಲ ಕೀಲು ತೋರಿಸಿದೆ. ಅವಳು ಒಂದೊಂದನ್ನೇ ಬೆರಳಲ್ಲಿ ಉಜ್ಜಿ ನೋಡಿ ನನ್ನ ಅಂಗೈಯಲ್ಲಿಟ್ಟಳು, ಇದು ಮೇಲಕ್ಕೆ, ಇದು ಕೆಳಕ್ಕೆ ಎಂದಳು.

ಬಾಗಿಲು ಕೂತಿತು. ಮೇಲಿನಿಂದ ಕೆಳಗಿನವರೆಗೆ ಕರೆಯೋಲೆ ಎಲ್ಲೂ ತಡೆಯದೆ ಇಳಿಯಿತು. ಅವಳು ಕಟ್ಟಿದ್ದ ಒಂದು ಗಂಟೂ ತಪ್ಪಿರಲಿಲ್ಲ. ಅವಳ ತಲೆಯ ಮೇಲೆ ಗೂಬೆ ಕೂರಿಸಿದವನು ನಾನೇ. ನಾಚಿಕೆಯೂ ಸಂತೋಷವೂ ಒಟ್ಟಿಗೇ ನುಗ್ಗಿದವು.

ಬಾನೆಟ್ಟು, ಮಡ್‌ಗಾರ್ಡು ಇನ್ನೂ ಏರಿಸಿರಲಿಲ್ಲ; ಆದರೂ ಇನ್ನು ಕಾಯಲಾರೆ ಅನ್ನಿಸಿತು. ಕೈ ಹಿಡಿದು ಬಲಗಡೆಯಿಂದ ಹತ್ತಿಸಿದೆ. ಅಕ್ಕ ಸ್ಟೀರಿಂಗಿನ ಮುಂದೆ ಕೂತಳು. ಎರಡೂ ಕೈಯಲ್ಲಿ ಅದನ್ನು ಹಿಡಿದು, ಕಾಲಿನಿಂದ ಕ್ಲಚ್ಚು ಹುಡುಕಿದಳು. ಬೆನ್ನು ನೆಟ್ಟಗಾಯಿತು. "ನನ್ ಗಾಡಿ" ಎಂದಳು. ಅದೊಂದು ಮಾತಿಗಾಗಿ ನಾನು ಇಷ್ಟು ದಿನ ಸತ್ತಿದ್ದೆ. ಕುಣಿದುಕೊಂಡು ಎಡಗಡೆಗೆ ಓಡಿದೆ. ಗೆದ್ದ ಹುಮ್ಮಸ್ಸಿನಲ್ಲಿ ಎಡಬಾಗಿಲನ್ನು ಧಡ್ ಎಂದು ಬಡಿದು ಹಾಕಿದೆ. ಚಿಲಕ ಒಂದೇ ಏಟಿಗೆ ಸಿಕ್ಕಿತು.

ಅಕ್ಕ ನನ್ನ ಕಡೆಗೆ ತಿರುಗಿದಳು. ಹುಬ್ಬು ಗಂಟಿಕ್ಕಿತ್ತು.

"ಮೆಲ್ಗೆ ಹಾಕಿ ಸಾರ್" ಎಂದು ಪಿಸುಗುಟ್ಟಿ, ಪಕ್ಕದ ಖಾಲಿ ಸೀಟಿನ ಮೇಲೆ ಕೈಯಿಟ್ಟಳು. "ನನ್ ತಮ್ಮ ಮಲ್ಗವ್ನೆ."

ನಾನು ಬಾಗಿಲನ್ನು ಮತ್ತೆ ತೆಗೆದೆ. ಸೊಂಟದಿಂದ ಒತ್ತಿ, ಸದ್ದಾಗದಂತೆ ಹಾಕಿದೆ.

"ಎದ್ಬುಟ್ನಾ?" ಎಂದಳು.

"ಇಲ್ಲ ಅಕ್ಕ" ಎಂದೆ. "ಮಲ್ಗೇ ಅವ್ನೆ."