ಬಸಣ್ಣ ಮಾತಾಡಿದ್ದು ಯಾರ ಜೊತೆ?

ನಗುವವರು ನಗಲಿ, ನನಗೇನೂ ಬೇಜಾರಿಲ್ಲ. ಇದು ನನಗೇ ಆದದ್ದು... ತೆಲಂಗಾಣದ ಗದ್ವಾಲ ಹೊಸದಾಗಿ ಜಿಲ್ಲೆಯಾದ ಮೇಲೆ, ಊರಾಚೆಯ ಹತ್ತಿಬೀಜದ ಕಾರ್ಖಾನೆಯೊಂದರಲ್ಲಿ.

ನನ್ನ ಹತ್ತಿರ ಇರುವುದು ಸದ್ದು ನೋಡುವ ಕ್ಯಾಮೆರಾ. ಪೈಪಿನಲ್ಲಿ ಗಾಳಿ ಸೋರಲಿ, ಬೇರಿಂಗ್ ಕಿರುಗುಟ್ಟಲಿ, ಸದ್ದು ಹುಟ್ಟುವ ಜಾಗದಲ್ಲಿ ಪರದೆಯ ಮೇಲೆ ಕೆಂಪು ಚುಕ್ಕೆ ಮೂಡುತ್ತದೆ. ಮಿಷನ್‌ಗಳು ನಿಂತಾಗ ಸೋರಿಕೆ ಹುಡುಕುವುದು ಸುಲಭ ಅಂತ ರಾತ್ರಿ ಹೋಗಿದ್ದೆ.

ಕರೆಸಿದವನು ಅಲ್ಲಿನ ಸೂಪರ್‌ವೈಸರ್ ಬಸಣ್ಣ. ರಾಯಚೂರಿನಲ್ಲಿ ಐಟಿಐ ಓದುವಾಗ ನಮ್ಮದು ಒಂದೇ ಖೋಲಿ, ಒಂದೇ ತಟ್ಟೆ. ಒಡಹುಟ್ಟಿದವರಿಗಿಂತ ಹೆಚ್ಚಾಗಿ ಅವನನ್ನು ನಂಬಿದ್ದೆ.

ಬೀಜ ತಿರುಗಿಸುವ ದೊಡ್ಡ ಡ್ರಮ್ಮಿನೊಳಗೆ ಗಾಳಿ ಸೋರುತ್ತಿತ್ತು. ಒಳಗೆ ಇಳಿಯುವವನು ತನ್ನ ಟವೆಲನ್ನು ಸ್ವಿಚ್ಚಿಗೆ ಕಟ್ಟಬೇಕು. ಅವನೇ ಹೊರಬಂದು ಬಿಚ್ಚುವ ತನಕ ಯಾರೂ ಸ್ವಿಚ್ ಮುಟ್ಟುವಂತಿಲ್ಲ. ಅದು ಅಲ್ಲಿನ ಪದ್ಧತಿ. ನಾನೂ ಕಟ್ಟಿದೆ.

"ನಾ ಇಲ್ಲೇ ನಿಂತಿರ್ತೀನಿ, ಹೋಗಲೇ. ಫಿಕರ್ ಮಾಡಬ್ಯಾಡ," ಅಂದ ಬಸಣ್ಣ.

ಒಳಗೆ ಕತ್ತಲು... ಮುಗ್ಗಿದ ಎಣ್ಣೆಯ ವಾಸನೆ. ಸೋರುವ ಜಾಗ ಸಿಕ್ಕಿತು, ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದೆ.

ಆಗ ಹೊರಗೆ ಬಸಣ್ಣನ ದನಿ. "ಆತೇನಲೇ? ಇಷ್ಟ್ ಜಲ್ದಿ ಬಂದಿ!"

ನಾನಿನ್ನೂ ಒಳಗಿದ್ದೇನೆ... ಇವನು ಯಾರನ್ನು ಕೇಳುತ್ತಿದ್ದಾನೆ?

ಡ್ರಮ್ಮಿನ ಬಾಗಿಲಿನಿಂದ ಕ್ಯಾಮೆರಾ ಅತ್ತ ಹಿಡಿದೆ. ಅವನ ಬಾಯಿಯ ಹತ್ತಿರ ಮಾತ್ರ ಕೆಂಪು ಚುಕ್ಕೆ. ಎದುರಿಗೆ ಯಾರೂ ಇರಲಿಲ್ಲ.

"ಹಂಗಾರ ಬಿಚ್ಕೋ. ಚಾಲೂ ಮಾಡ್ತೀನಿ."

ನಾನು ಕೂಗಿದೆ. "ಬಸಣ್ಣಾ, ನಾ ಒಳಗ ಅದೀನೋ!"

ಅವನು ತಿರುಗಿದ. ನನ್ನನ್ನೇ ನೋಡಿದ. ಆದರೂ ಕೈ ಸ್ವಿಚ್ಚಿನ ಮೇಲೇ ಇತ್ತು...

ಹೇಗೆ ಹಾರಿದೆನೋ ಗೊತ್ತಿಲ್ಲ. ಬೆನ್ನ ಹಿಂದೆ ಡ್ರಮ್ಮು ಗಡಗಡ ಉರುಳತೊಡಗಿತು.

ಕೊರಳಪಟ್ಟಿ ಹಿಡಿದು ಕೇಳಿದೆ. ಬಸಣ್ಣ ಸ್ವಿಚ್ಚಿನ ಕಡೆ ಬೆರಳು ಮಾಡಿ ಅಂದ. "ನೀನ ಬಂದು ಬಿಚ್ಕೊಂಡ್ಯಲ್ಲೋ! ಕೇಳಿದ್ದಕ್ಕ ಬರೇ ತಲಿ ಆಡ್ಸಿದಿ... ಒಳಗ ಒದರೋದು ಅದು ಅಂತ ತಿಳ್ಕೊಂಡೆ."

"ಅದು ಅಂದ್ರ? ನಿನಗ ಮೊದ್ಲ ಗೊತ್ತಿತ್ತಾ?"

ತಲೆ ತಗ್ಗಿಸಿದ. "ಒಳಗ ಇಳಿದೋರ ರೂಪದಾಗ ಬರ್ತದ ಅದು. ಹೇಳಿದ್ರ ನೀ ಬರ್ತಿದ್ದಿಲ್ಲ."

ಆ ಮಾತು ಇವತ್ತಿಗೂ ಉರಿಯುತ್ತದೆ. ಗೊತ್ತಿದ್ದೂ ಇಳಿಸಿದ. ಇಷ್ಟು ವರ್ಷ ಕೇಳಿದ ನನ್ನ ದನಿಯನ್ನು ನಂಬದೆ, ದನಿಯೇ ಇಲ್ಲದ ಅದನ್ನು ನಂಬಿದ.

ಆಮೇಲೆ ಗದ್ವಾಲದ ಕಡೆ ನಾನು ಕಾಲಿಟ್ಟಿಲ್ಲ. ಆದರೆ ಮೊನ್ನೆ ಮಕ್ತಲ್ ಬಸ್‌ಸ್ಟ್ಯಾಂಡಿನಲ್ಲಿ ಪರಿಚಯದ ಕಿರಾಣಿ ಅಂಗಡಿಯವರು ಮುನಿಸಿಕೊಂಡೇ ಕೇಳಿದರು:

"ಏನ್ರೀ, ನಿನ್ನಿ ಗದ್ವಾಲದಾಗ ಎದುರಿಗೆ ನಿಂತು ಮಾತಾಡ್ಸಿದ್ರೂ ಬರೇ ತಲಿ ಆಡ್ಸಿ ಹೋದ್ರಲ್ರೀ?"