ಅಮ್ಮನ ಪುಟ್ಟ ಹಾಸಿಗೆ

ಎರಡನೆಯ ಸಲ ಗರ್ಭಿಣಿಯಾದಾಗ ನನ್ನದು ನಾಯಿಮೂಗಾಯಿತು. ಲಿಫ್ಟ್ ಹತ್ತಿದರೆ ಸಾಕು, ಅದರಲ್ಲಿ ಇಳಿದು ಹೋದವರು ಮೂಲಂಗಿ ಪರಾಠಾ ತಿಂದಿದ್ದರೋ ಆಲೂಗಡ್ಡೆಯದೋ ಎಂಬುದು ಗೊತ್ತಾಗುತ್ತಿತ್ತು. ಅದನ್ನೆಲ್ಲ ಹೇಗೋ ಸಹಿಸಿಕೊಂಡೆ. ಸಹಿಸಲಾಗದ್ದು ನಮ್ಮದೇ ಹಾಸಿಗೆಯ ವಾಸನೆ. ದೆಹಲಿಯ ದ್ವಾರಕಾದ ಬಾಡಿಗೆ ಫ್ಲ್ಯಾಟಿಗೆ ಬಂದ ಹೊಸತರಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತಂದ ಫೋಮ್ ಹಾಸಿಗೆ ಅದು. ದಿಂಬಿಗೆ ತಲೆ ಕೊಟ್ಟೊಡನೆ ಚಪ್ಪಲಿ ಅಂಗಡಿಯ ಅಂಟಿನ ವಾಸನೆ ಗಂಟಲಿಗಿಳಿಯುತ್ತಿತ್ತು. ನನ್ನ ಗಂಡನಿಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. "ನಿನ್ನ ಭ್ರಮೆ ಕಣೇ" ಎಂದು ಹೇಳಿ ಗುರುಗ್ರಾಮದ ಆಫೀಸಿಗೆ ಹೊರಟುಬಿಡುತ್ತಿದ್ದ.

ಹೊರಗೆ ನವೆಂಬರಿನ ಹೊಗೆ. ಎದುರಿನ ಬ್ಲಾಕ್ ಇದೆಯೋ ಇಲ್ಲವೋ ಎನ್ನುವಂತಿತ್ತು. ಕಿಟಕಿ ತೆರೆದರೆ ಆ ಹೊಗೆ, ಮುಚ್ಚಿದರೆ ಈ ಹಾಸಿಗೆ. ನಾನು ಎಳೆದುಕೊಂಡ ಉಸಿರೇ ತಾನೇ ಮಗುವಿಗೂ? ಉಸಿರಾಡುವುದಕ್ಕೇ ಹೆದರುವ ಸ್ಥಿತಿ ನನ್ನದಾಗಿತ್ತು.

ಹೆದರಲು ಕಾರಣವಿತ್ತು. ಹಿಂದಿನ ಸಲ ಐದನೆಯ ತಿಂಗಳಲ್ಲಿ ಮಗು ಹೋಯಿತು. ಅದಕ್ಕೆ ಸ್ವಲ್ಪ ಮೊದಲು ನಾನು ಹಳದಿ ಉಣ್ಣೆಯ ಟೋಪಿ ತಂದಿದ್ದೆ, ಗಂಡ ಮರದ ತೊಟ್ಟಿಲು ತರಿಸಿದ್ದ. ಹುಟ್ಟುವ ಮೊದಲು ಮಗುವಿಗೆಂದು ಏನನ್ನೂ ಮನೆಗೆ ತರಬಾರದು, ತಂದರೆ ಮೇಲಿನವರ ಕಣ್ಣು ಬೀಳುತ್ತದೆ ಎನ್ನುವುದು ನಮ್ಮ ಕಡೆಯ ಪದ್ಧತಿ. ಡಾಕ್ಟರು, "ತೊಟ್ಟಿಲಿಗೂ ಇದಕ್ಕೂ ಏನು ಸಂಬಂಧ?" ಎಂದು ನಕ್ಕರು. ಏನೂ ಸಂಬಂಧವಿಲ್ಲ ಎಂದು ನಾನೂ ಒಪ್ಪಿದೆ. ಆದರೂ ಈ ಸಲ ಮಕ್ಕಳ ಬಟ್ಟೆಯಂಗಡಿ ಎದುರಾದರೆ ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತಿದ್ದೆ.

ಬಾಣಂತನಕ್ಕೆ ನಾನೇ ಮೈಸೂರಿಗೆ ಹೋಗಬೇಕಿತ್ತು. ಪ್ರಯಾಣ ಬೇಡವೇ ಬೇಡ ಎಂದು ಡಾಕ್ಟರು ಹೇಳಿದ್ದರಿಂದ ಏಳನೆಯ ತಿಂಗಳಲ್ಲಿ ಅಮ್ಮನೇ ದೆಹಲಿಗೆ ಬಂದಳು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಬಂದವಳೇ ಕೈಕಾಲು ತೊಳೆಯುವ ಮೊದಲು ನಮ್ಮ ಬೀರುಗಳನ್ನೆಲ್ಲ ತೆರೆದು ನೋಡಿದಳು.

"ಏನೂ ತಂದಿಲ್ಲ ತಾನೇ?"

"ಒಂದು ದಾರದ ಎಳೇನೂ ತಂದಿಲ್ಲಮ್ಮ."

"ಸದ್ಯ" ಎಂದು ಬಚ್ಚಲಿಗೆ ಹೋದಳು.

ಹಾಸಿಗೆಯ ವಿಷಯ ಹೇಳಿದಾಗ ಅವಳು ಬಹಳ ಹೊತ್ತು ಯೋಚಿಸಿದಳು. ನಿಮ್ಮಿಬ್ಬರ ಮಂಚಕ್ಕಾದರೆ ಅಡ್ಡಿಯಿಲ್ಲ ಎಂದಳು. ಅಪ್ಪಣೆಯಾದ ಮೇಲೆ ಮೂವರೂ ಅಂಗಡಿ ಅಲೆಯತೊಡಗಿದೆವು. ಎಲ್ಲರದೂ ಒಂದೇ ರಾಗ, "ಬಿಲ್ಕುಲ್ ನ್ಯಾಚುರಲ್ ಹೈ ಮೇಡಂ." ಒಂದು ಕಡೆ ತೆಂಗಿನ ನಾರಿನದು ತೋರಿಸಿದರು. ನಾರೇನೋ ನಿಜ, ಅದನ್ನು ಹಿಡಿದಿದ್ದ ಅಂಟು ಮೂಗಿಗೆ ಹೊಡೆಯಿತು. ಇನ್ನೊಂದು ಕಡೆ ಮೇಲೆ ಹತ್ತಿ, ಒಳಗೆ ಅದೇ ಫೋಮ್. ಜಿಪ್ ಎಳೆದು ಮೂಗು ತೂರಿಸುವುದು, ಮಾಸ್ಕ್ ಹಾಕಿಕೊಳ್ಳುವುದು, ಮುಂದಿನದಕ್ಕೆ ಹೋಗುವುದು.

"ಇನ್ನೂ ಎಷ್ಟು ಮೂಸ್ತೀಯಾ ಮಾರಾಯ್ತಿ? ಜನ ನೋಡ್ತಿದ್ದಾರೆ" ಎಂದ ಗಂಡ.

"ನೋಡ್ಲಿ ಬಿಡು. ನೀನು ಮೂಸಿದ್ದಿದ್ರೆ ನಾನ್ಯಾಕೆ ಮೂಸ್ತಿದ್ದೆ?"

ಕೊನೆಗೆ ರಬ್ಬರ್ ಮರದ ಹಾಲಿನಿಂದ ಮಾಡಿದ ಹಾಸಿಗೆಯೊಂದು ಸಿಕ್ಕಿತು. ಮೇಲೆ ಬಣ್ಣ ಹಾಕದ ಹತ್ತಿಯ ಹೊದಿಕೆ. ಅಂಗಡಿಯವನು ಒಳಗಿನ ತುಂಡೊಂದನ್ನು ಕೈಗೆ ಕೊಟ್ಟ. ಹಾಲು ಕಾಯಿಸಿ ಇಳಿಸಿದ ಪಾತ್ರೆಯ ಹಾಗೆ ಒಂದು ಸಪ್ಪೆ ವಾಸನೆ, ಅಷ್ಟೇ. ಚಪ್ಪಲಿ ಬಿಟ್ಟು ಎಡಮಗ್ಗುಲಾಗಿ ಮಲಗಿದೆ. ಒಳಗೆ ಮಗು ಒದೆಯಿತು. ನಾನು ಅಲ್ಲೇ ಅತ್ತುಬಿಟ್ಟೆ. ಗಾಬರಿಯಾದ ಅಂಗಡಿಯವನು ನೀರು ತರಿಸಿ, ಎಷ್ಟು ತಿಂಗಳು ಎಂದು ಕೇಳಿದ. ಗಂಡ ಹೇಳಿದ. "ಅಚ್ಛಾ! ಬಧಾಯಿ ಹೋ ಜೀ" ಎಂದು ಅಭಿನಂದಿಸಿ ಅವನು ಕೈ ಜೋಡಿಸಿದ.

ಅವನ ಆ ಒಳ್ಳೆಯತನವೇ ನಮಗೆ ಮುಳುವಾಯಿತು.

ಹಾಸಿಗೆ ಬಂದ ದಿನ ಹೊತ್ತು ತಂದವರು ಅದನ್ನು ಮಂಚದ ಮೇಲೆ ಹಾಸಿದ ಮೇಲೆ ಇನ್ನೊಂದು ಸಣ್ಣ ಕಟ್ಟು ತಂದು ಸೋಫಾದ ಮೇಲಿಟ್ಟರು. ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಅದೇ ಹೊದಿಕೆಯ, ಅದೇ ರಬ್ಬರ್ ಹಾಲಿನ, ತೊಟ್ಟಿಲಿನಳತೆಯ ಹಾಸಿಗೆ. ಅಂಗಡಿಯ ಸೇಠ್‌ಜೀ ಪಾಪುವಿಗೆ ಉಡುಗೊರೆ ಕಳಿಸಿದ್ದಾರಂತೆ.

"ಭಯ್ಯಾ, ಯೆ ವಾಪಸ್ ಲೇಕೆ ಜಾವೋ. ಅಭೀ ಲೇಕೆ ಜಾವೋ" ಎಂದು ಅಮ್ಮ ಅದನ್ನು ಬಾಗಿಲ ಕಡೆಗೆ ತಳ್ಳಿದಳು.

"ಮಾತಾಜೀ, ಶುಭ್ ಚೀಜ಼್ ಹೈ. ಐಸೆ ಲೌಟಾತೆ ನಹೀಂ" ಎಂದು, ಶುಭದ ವಸ್ತು ಹಿಂದಿರುಗಿಸುವುದನ್ನು ಒಪ್ಪದೆ ಅವರು ಲಿಫ್ಟ್ ಹತ್ತಿದರು.

ಗಂಡ ಅದನ್ನು ಬಾಲ್ಕನಿಯ ಮೂಲೆಗೆ ಒರಗಿಸಿದ. ವಾರಾಂತ್ಯಕ್ಕೆ ಯಾರಿಗಾದರೂ ಕೊಟ್ಟರಾಯಿತು ಎಂದ. ಅಷ್ಟು ಹುಡುಕಿ ತಂದ ದೊಡ್ಡ ಹಾಸಿಗೆಯ ಮೇಲೆ ಮಲಗಿದ್ದ ನನಗೆ ಗಾಜಿನ ಬಾಗಿಲಾಚೆ ಆ ಕಟ್ಟೇ ಕಾಣುತ್ತಿತ್ತು. ಪರದೆ ಎಳೆದೆ. ಆದರೂ ಅದು ಅಲ್ಲೇ ಇತ್ತಲ್ಲ!

ಮರುದಿನ ಊಟವಾದ ಮೇಲೆ ಮಗು ಅಲುಗಾಡಲಿಲ್ಲ. ತಣ್ಣನೆಯ ಜ್ಯೂಸ್ ಕುಡಿದೆ, ಬೆಲ್ಲ ತಿಂದೆ, ಮಗ್ಗುಲು ಬದಲಿಸಿದೆ. ಏನೂ ಇಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು "ಒಂದ್ಸಲ ಒದಿಯೋ ಕಂದ, ಒಂದೇ ಒಂದ್ಸಲ" ಎಂದು ಬೇಡಿದೆ. ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗಂಡ ನನ್ನ ಮುಖ ನೋಡಿದವನೇ ಕಾರಿನ ಕೀ ತೆಗೆದುಕೊಂಡ.

"ನೀವು ಹೊರಡಿ. ನಾನು ಬರಲ್ಲ" ಎಂದಳು ಅಮ್ಮ.

ಹೆತ್ತ ತಾಯಿ ಇಂಥ ಹೊತ್ತಿನಲ್ಲಿ ಹೀಗೆನ್ನುವುದೇ? ಸಿಟ್ಟು ನೆತ್ತಿಗೇರಿತು. ದಾರಿಯುದ್ದಕ್ಕೂ ಜಾಮ್. ಪ್ರತಿ ಸಿಗ್ನಲ್ಲಿನಲ್ಲೂ ನಾನು ಅಮ್ಮನನ್ನು, ಅಂಗಡಿಯವನನ್ನು, ದೆಹಲಿಯನ್ನು ಬೈದೆ. ಬೈಯುವುದನ್ನು ನಿಲ್ಲಿಸಿದರೆ ಹೊಟ್ಟೆಯೊಳಗಿನ ಸದ್ದಡಗಿದ ಜಾಗ ನೆನಪಾಗುತ್ತಿತ್ತು.

ಆಸ್ಪತ್ರೆಯಲ್ಲಿ ನರ್ಸ್ ಹೊಟ್ಟೆಗೆ ಪಟ್ಟಿ ಕಟ್ಟಿ ಯಂತ್ರವನ್ನು ಅತ್ತಿತ್ತ ಸರಿಸಿದಳು. ಬರೀ ಗರಗರ. ಗಂಡ ಗೋಡೆಗೆ ಮುಖ ಮಾಡಿ ನಿಂತಿದ್ದ. ಆಮೇಲೆ ಸಿಕ್ಕಿತು, ಓಡೋಡಿ ಬಂದವರ ಎದೆಯ ಹಾಗೆ ಡವಡವ ಎನ್ನುವ ಸದ್ದು. "ಸೋ ರಹಾ ಥಾ ಬದ್ಮಾಶ್" ಎಂದು ನರ್ಸ್ ನನ್ನ ಕೆನ್ನೆ ತಟ್ಟಿದಳು. ತುಂಟ ನಿದ್ದೆ ಮಾಡುತ್ತಿತ್ತಂತೆ. ಎಲ್ಲ ಸರಿಯಾಗಿದೆ ಎಂದು ಡಾಕ್ಟರು ಹೇಳಿ ಕಳಿಸಿದರು.

ಮನೆಗೆ ಬಂದು ಬಾಗಿಲು ತೆರೆದರೆ ಹಜಾರದ ಮಧ್ಯೆ, ನೆಲದ ಮೇಲೆ ಆ ಪುಟ್ಟ ಹಾಸಿಗೆ. ಪ್ಲಾಸ್ಟಿಕ್ ಹರಿದು ಬಿದ್ದಿತ್ತು. ಅದರ ಮೇಲೆ ಅಮ್ಮ ಕಾಲು ನೀಡಿ ಕೂತು ಬಟಾಣಿ ಸುಲಿಯುತ್ತಿದ್ದಳು. ಹೊದಿಕೆಯ ಮೇಲೆ ಚಹಾದ ಕಲೆ, ಅರಿಶಿನದ ಕಲೆ, ಸಿಪ್ಪೆ.

"ಹುಷಾರಾಗಿದೆಯಾ?" ಎಂದಳು. ಹೂಂ ಎಂದೆ. ಅವಳು ಕಣ್ಣು ಮುಚ್ಚಿಕೊಂಡಳು. ಆಮೇಲೆ ಯಾರೋ ಕಿವುಡರಿಗೆ ಹೇಳುವ ಹಾಗೆ ಗಟ್ಟಿಯಾಗಿ ಶುರು ಮಾಡಿದಳು: "ಇದು ನನ್ನದು! ನನ್ನ ಸೊಂಟ ನೋವಿಗೆ ಅಂತ ಬಂದಿರೋದು. ಈ ಮನೇಲಿ ಬೇರೆ ಯಾರಿಗೂ ಏನೂ ತಂದಿಲ್ಲ!"

ಮಾತು ನಮ್ಮ ಕಡೆಗಿರಲಿಲ್ಲ. ಅವಳು ಛಾವಣಿಯನ್ನು ನೋಡುತ್ತಿದ್ದಳು.

ಹುಟ್ಟಿದ ಮಗುವನ್ನು ನಮ್ಮಲ್ಲಿ ಹೊಸ ಬಟ್ಟೆಯ ಮೇಲೆ ಮಲಗಿಸುವುದಿಲ್ಲ. ಅಜ್ಜಿಯೋ ಅತ್ತೆಯೋ ಉಟ್ಟು ಸವೆದ ಹಳೆಯ ಸೀರೆಯೇ ಆಗಬೇಕು. ಅಮ್ಮ ಆ ಹಾಸಿಗೆಯನ್ನು ಹಳೆಯದು ಮಾಡಲು ಕೂತಿದ್ದಳು. ಅಂದಿನಿಂದ ಅವಳ ಕಾಫಿ ಅದರ ಮೇಲೆಯೇ, ಮಧ್ಯಾಹ್ನದ ನಿದ್ದೆಯೂ ಅದರ ಮೇಲೆಯೇ, ಕಾಲೆಲ್ಲ ನೆಲದ ಮೇಲೆ. "ಅತ್ತೆ, ದೊಡ್ಡದು ಒಂದು ತರಿಸಲಾ?" ಎಂದು ಗಂಡ ಕೀಟಲೆ ಮಾಡುತ್ತಿದ್ದ. ಪಕ್ಕದ ಮನೆಯ ಆಂಟಿ ಅದನ್ನು ನೋಡಿ ಕಣ್ಣರಳಿಸಿದಾಗ ಅಮ್ಮ, "ಮೇರಾ ಹೈ. ಕಮರ್ ಕೆ ಲಿಯೆ" ಎಂದು ಸೊಂಟ ಹಿಡಿದು ತೋರಿಸಿ ಬಾಯಿ ಮುಚ್ಚಿಸಿದಳು.

ಜನವರಿಯ ಕೊನೆಗೆ ಮಗಳು ಹುಟ್ಟಿದಳು. ಮನೆಗೆ ಬಂದಾಗ ಅಮ್ಮ ಹೊದಿಕೆ ಒಗೆದು, ತನ್ನ ಸವೆದ ಸೀರೆ ಹಾಸಿ, ಆ ಹಾಸಿಗೆಯ ಪಕ್ಕ ಮಂಡಿಯೂರಿ ಕೂತಿದ್ದಳು. ಮಧ್ಯದಲ್ಲಿ ಅವಳು ಕೂತು ಕೂತು ಸಣ್ಣ ತಗ್ಗಾಗಿತ್ತು. ಮಗುವನ್ನು ಮಲಗಿಸಿದೆ. ಬೆರಳಷ್ಟೂ ಇಲ್ಲದ ಆ ಮೂಗು ಉಸಿರೆಳೆದುಕೊಂಡಿತು.

"ಕೊಟ್ಟಿಲ್ಲ, ಕಡ ಕೊಟ್ಟಿದ್ದೀನಿ ಅಷ್ಟೇ" ಎಂದಳು ಅಮ್ಮ ಮೇಲೆ ನೋಡುತ್ತ. ಮಗುವಿನ ಕೆಳಗಿನ ಸೀರೆಯ ಮಡಿಕೆಯನ್ನು ಮತ್ತೆ ಮತ್ತೆ ತೀಡಿದಳು. ಅವಳು ನನಗಿಂತ ಹೆಚ್ಚು ಹೆದರಿದ್ದಳು.

"ಹೌದು, ಅದು ನಮ್ಮಮ್ಮಂದೇ" ಎಂದೆ ನಾನು ಗಟ್ಟಿಯಾಗಿ.

ಹಜಾರದಲ್ಲಿ ಯಾರೂ ನಗಲಿಲ್ಲ. ಬ್ಯಾಗ್ ಹಿಡಿದು ಬಾಗಿಲಲ್ಲೇ ನಿಂತಿದ್ದ ಗಂಡ ಫ್ಯಾನಿನ ಕಡೆ ತಲೆಯೆತ್ತಿ, "ಅತ್ತೇದೇ. ನಾವು ಏನೂ ತಂದಿಲ್ಲ" ಎಂದ.